ಹಳೆಯ ಕಾರು ಓಡುತ್ತಾ ಓಡುತ್ತಾ ಆಫ್ ಆಗುತ್ತದೆಯೇ? ಕರೆಂಟಿನ ಕಳ್ಳನನ್ನು ಹಿಡಿಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಾಡಿ ಚೆನ್ನಾಗಿ ಓಡುತ್ತಿರುತ್ತದೆ, ಏಕಾಏಕಿ ಬಂದ್ ಬೀಳುತ್ತದೆ. ಹತ್ತು ನಿಮಿಷ ಬಿಟ್ಟು ಸೆಲ್ಫ್ ಹೊಡೆದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಕೆಳಗಿನ ಪ್ರಶ್ನೆಗಳೆಲ್ಲ ಈ ಒಂದೇ ದೂರಿನ ಬೇರೆ ಬೇರೆ ಮುಖಗಳು. ಪಾಯಿಂಟ್ (ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್), ಕಂಡೆನ್ಸರ್, ಕಾರ್ಬ್ಯುರೇಟರ್ ಇರುವ ಗಾಡಿಗಳಿಂದ ಹಿಡಿದು ಮೊದಮೊದಲ ಫ್ಯೂಯಲ್ ಇಂಜೆಕ್ಷನ್ ಗಾಡಿಗಳವರೆಗೆ ಇಲ್ಲಿ ಹೇಳಿದ್ದು ಅನ್ವಯಿಸುತ್ತದೆ.

ಆಫ್ ಆಗುತ್ತಿರುವುದು ಕರೆಂಟ್ ಹೋಗಿಯೋ, ಪೆಟ್ರೋಲ್ ಬಾರದೆಯೋ? ಹೇಗೆ ತಿಳಿಯುವುದು?

ಸಾಯುವ ರೀತಿಯನ್ನು ಗಮನಿಸಿ. ಯಾರೋ ಕೀ ತಿರುಗಿಸಿ ಆಫ್ ಮಾಡಿದ ಹಾಗೆ ಒಂದೇ ಏಟಿಗೆ ನಿಂತರೆ ಅನುಮಾನ ಇಗ್ನಿಷನ್ ಕಡೆಗೆ. ಜಗ್ಗಿ, ಕೆಮ್ಮಿ, ಎಳೆತ ಕಡಿಮೆಯಾಗಿ ಆಮೇಲೆ ನಿಂತರೆ ಪೆಟ್ರೋಲ್ ಕಡೆಗೆ. ಆದರೆ ಪೆಟ್ರೋಲ್ ಬರಲಿಲ್ಲ ಎಂದ ಮಾತ್ರಕ್ಕೆ ತಪ್ಪು ಪೆಟ್ರೋಲ್ ಪೈಪಿನದು ಅಂತಲ್ಲ. ಎಲೆಕ್ಟ್ರಿಕ್ ಪಂಪ್ ಇರುವ ಗಾಡಿಯಲ್ಲಿ ಪಂಪಿಗೆ ಹೋಗುವ ಕರೆಂಟ್ ಕಡಿದರೂ ಗಾಡಿ ಹೀಗೇ ಕೆಮ್ಮಿಯೇ ಸಾಯುತ್ತದೆ.

ಆರ್‌ಪಿಎಂ ಮೀಟರ್ ಇದ್ದರೆ ಅರ್ಧ ಕೆಲಸ ಅದೇ ಮಾಡಿಕೊಡುತ್ತದೆ. ಇಂಜಿನ್ ಸತ್ತರೂ ಗಾಡಿ ಗೇರಿನಲ್ಲೇ ಉರುಳುತ್ತಿರುವಾಗ ಚಕ್ರಗಳು ಇಂಜಿನ್ನನ್ನು ತಿರುಗಿಸುತ್ತಲೇ ಇರುತ್ತವೆ. ಆಗ ಮುಳ್ಳು ವೇಗಕ್ಕೆ ತಕ್ಕಂತೆ ನಿಧಾನವಾಗಿ ಇಳಿದರೆ ಕಾಯಿಲ್‌ಗೆ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ಭಾಗ) ಪಲ್ಸ್ ಹೋಗುತ್ತಿದೆ ಎಂದರ್ಥ, ಪೆಟ್ರೋಲ್ ಕಡೆ ನೋಡಿ. ಇಂಜಿನ್ ಇನ್ನೂ ತಿರುಗುತ್ತಿದ್ದರೂ ಮುಳ್ಳು ದಬಕ್ಕನೆ ಸೊನ್ನೆಗೆ ಬಿದ್ದರೆ ಕಾಯಿಲ್‌ನ ಕರೆಂಟ್, ಡಿಸ್ಟ್ರಿಬ್ಯೂಟರ್ (ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಭಾಗ) ಒಳಗಿನ ಪಿಕಪ್ ಎಂಬ ಸೆನ್ಸರ್, ಇಂಜಿನ್ ತಿರುಗುವುದನ್ನು ಗಮನಿಸುವ ಕ್ರ್ಯಾಂಕ್ ಸೆನ್ಸರ್ ಇವುಗಳಲ್ಲೊಂದು ಕೈಕೊಟ್ಟಿದೆ.

ಇನ್ನೊಂದು ಸಾಕ್ಷಿ ಡ್ಯಾಶ್‌ಬೋರ್ಡಿನ ದೀಪಗಳು. ಕೀ ಆನ್ ಇದ್ದು ಇಂಜಿನ್ ನಿಂತರೆ ಆಯಿಲ್ ದೀಪ, ಬ್ಯಾಟರಿ ದೀಪ ಎರಡೂ ಹೊತ್ತಿಕೊಳ್ಳಬೇಕು. ಒಂದೂ ಹೊತ್ತದೆ ಇಡೀ ಡ್ಯಾಶ್ ಕತ್ತಲಾದರೆ ಕಾಯಿಲ್, ಸೆನ್ಸರ್ ಎಲ್ಲ ಮರೆತುಬಿಡಿ. ಬ್ಯಾಟರಿ ಟರ್ಮಿನಲ್, ಮುಖ್ಯ ಫ್ಯೂಸಿಬಲ್ ಲಿಂಕ್ (ಫ್ಯೂಸಿನಂತೆ ಕರಗುವ ತಂತಿ), ಇಗ್ನಿಷನ್ ಸ್ವಿಚ್, ಈ ಮೂರರ ನಡುವೆಯೇ ಎಲ್ಲೋ ತಂತಿ ಕಡಿದಿದೆ.

ರಸ್ತೆ ಮಧ್ಯೆ ಆಫ್ ಆದ ಕ್ಷಣದಲ್ಲಿ ಏನು ಮಾಡಬೇಕು?

ಮೊದಲು ಜೀವ, ಆಮೇಲೆ ಪತ್ತೇದಾರಿಕೆ. ನಾಲ್ಕೂ ಇಂಡಿಕೇಟರ್ ಹಾಕಿ, ನ್ಯೂಟ್ರಲ್ ಮಾಡಿ, ವೇಗ ಇರುವಾಗಲೇ ಪಕ್ಕಕ್ಕೆ ಎಳೆದುಕೊಳ್ಳಿ. ಪವರ್ ಸ್ಟೀರಿಂಗ್ ಕಲ್ಲಿನಂತಾಗುತ್ತದೆ, ಆದರೂ ತಿರುಗುತ್ತದೆ. ಬ್ರೇಕ್ ಬೂಸ್ಟರಿನಲ್ಲಿ ಎರಡು ಮೂರು ಸಲ ಒತ್ತುವಷ್ಟು ನಿರ್ವಾತ ಮಾತ್ರ ಉಳಿದಿರುತ್ತದೆ. ಬಿಟ್ಟು ಬಿಟ್ಟು ಒತ್ತಿ ಅದನ್ನು ಕಳೆಯಬೇಡಿ, ಒಂದೇ ಸಲ ಹದವಾಗಿ ಒತ್ತಿ ಹಿಡಿಯಿರಿ. ಗಾಡಿ ಉರುಳುತ್ತಿರುವಾಗ ಕೀಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿದರೆ ಸ್ಟೀರಿಂಗ್ ಲಾಕ್ ಆಗಬಹುದು. ಅದು ಮಾತ್ರ ಬೇಡವೇ ಬೇಡ.

ಗಾಡಿ ನಿಂತ ಮೇಲೆ ಎಲ್ಲರೂ ಮಾಡುವ ತಪ್ಪು ಒಂದಿದೆ: ಗಾಬರಿಯಲ್ಲಿ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು. ದೋಷ ಕೈಗೆ ಸಿಗುವುದು ಈ ಕೆಲವೇ ನಿಮಿಷ. ಜಾಗ ಸುರಕ್ಷಿತವಾಗಿದ್ದರೆ ಸ್ಟಾರ್ಟ್ ಮಾಡುವ ಮೊದಲೇ ಕೀ ಆನ್ ಮಾಡಿ ನೋಡಿ. ದೀಪ ಹೊತ್ತಿತೇ? ಇಂಜೆಕ್ಷನ್ ಗಾಡಿಯಾದರೆ ಹಿಂದಿನ ಸೀಟಿನ ಕಡೆಯಿಂದ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿತೇ? ಸ್ಪಾರ್ಕ್ ಟೆಸ್ಟರ್ ಹಾಕಿದರೆ ಕಿಡಿ ಇದೆಯೇ? ಈ ಮೂರು ಉತ್ತರ ಬರೆದಿಟ್ಟುಕೊಂಡರೆ ತಿಂಗಳುಗಟ್ಟಲೆಯ ಅಲೆದಾಟ ತಪ್ಪುತ್ತದೆ.

ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಬಾಡಿಗೆ ತಾಗಿಸಿ ಕಿಡಿ ನೋಡುವ ಹಳೆಯ ಪದ್ಧತಿ ಪಾಯಿಂಟ್ ಕಾಲಕ್ಕೇ ಮುಗಿಯಿತು. ಎಲೆಕ್ಟ್ರಾನಿಕ್ ಇಗ್ನಿಷನ್ ಹತ್ತಾರು ಸಾವಿರ ವೋಲ್ಟ್ ಎಸೆಯುತ್ತದೆ. ಕಿಡಿಗೆ ಹಾರಲು ದಾರಿ ಸಿಗದಿದ್ದರೆ ಮಾಡ್ಯೂಲ್ (ಪಾಯಿಂಟಿನ ಕೆಲಸ ಮಾಡುವ ಎಲೆಕ್ಟ್ರಾನಿಕ್ ಭಾಗ) ಸುಡಬಹುದು, ದಾರಿ ನಿಮ್ಮ ಮೈಯಾದರೆ ಇನ್ನೂ ಕೆಟ್ಟದ್ದು. ಪೇಸ್‌ಮೇಕರ್ ಇರುವವರು ಈ ಪರೀಕ್ಷೆಯ ಹತ್ತಿರವೂ ಹೋಗಬಾರದು.

ಮೆಕ್ಯಾನಿಕ್ ಮುಂದೆ ನಿಲ್ಲಿಸಿದರೆ ಗಾಡಿ ಮಗುವಿನ ಹಾಗೆ ಇರುತ್ತದೆ. ಏನು ಮಾಡಲಿ?

ಡಾಕ್ಟರ ಬಾಗಿಲಿಗೆ ಹೋದೊಡನೆ ಹಲ್ಲುನೋವು ಮಾಯವಾದ ಹಾಗೆ. ದೋಷವನ್ನು ಗ್ಯಾರೇಜಿಗೆ ಕರೆದೊಯ್ಯಲು ಆಗುವುದಿಲ್ಲ. ಪರೀಕ್ಷೆಯನ್ನೇ ಗಾಡಿಯೊಳಗೆ ಕೂರಿಸಿಕೊಂಡು ಓಡಾಡಬೇಕು.

ನನಗೆ ಈವರೆಗೆ ಅತಿ ಹೆಚ್ಚು ಫಲ ಕೊಟ್ಟ ಉಪಾಯ ಎರಡು ಪುಟ್ಟ ಬಲ್ಬುಗಳದ್ದು. 12 ವೋಲ್ಟಿನ, ಡ್ಯಾಶ್‌ಬೋರ್ಡಿನಲ್ಲಿ ಬಳಸುವಂಥ 2 ವ್ಯಾಟ್ ಬಲ್ಬು ಸಾಕು. ಒಂದರ ತಂತಿಯನ್ನು ಕಾಯಿಲ್‌ಗೆ ಹೋಗುವ ಪಾಸಿಟಿವ್ ಲೈನಿಗೆ ಸೇರಿಸಿ. ಬ್ಯಾಲಸ್ಟ್ ರೆಸಿಸ್ಟರ್ (ಕಾಯಿಲ್‌ಗೆ ಹೋಗುವ ಕರೆಂಟನ್ನು ತಗ್ಗಿಸುವ ಭಾಗ) ಇದ್ದರೆ ಅದರ ಹಿಂದೆ, ಸ್ವಿಚ್ ಕಡೆಯ ಬದಿಗೆ. ಇನ್ನೊಂದನ್ನು ಫ್ಯೂಯಲ್ ಪಂಪಿನ ಪಾಸಿಟಿವ್‌ಗೆ. ತಂತಿ ಹಿಡಿದ ಜಾಗದ ಪಕ್ಕದಲ್ಲೇ 1 ಆಂಪ್ ಫ್ಯೂಸ್ ಹಾಕಿ, ಬಿಸಿ ಸೈಲೆನ್ಸರ್ ಪೈಪಿಗೂ ಫ್ಯಾನಿಗೂ ತಗುಲದ ಹಾಗೆ ಒಳಗೆ ತಂದು, ಬಲ್ಬುಗಳನ್ನು ರಸ್ತೆಯಿಂದ ಕಣ್ಣು ತೆಗೆಯದೆ ಕಾಣುವ ಕಡೆ ಅಂಟಿಸಿ. ಬಲ್ಬುಗಳ ಇನ್ನೊಂದು ತುದಿ ನೇರ ಬ್ಯಾಟರಿ ನೆಗೆಟಿವ್‌ಗೆ ಹೋದರೆ ಒಳ್ಳೆಯದು. ಆಮೇಲೆ ಎಂದಿನಂತೆ ಗಾಡಿ ಓಡಿಸಿ.

ಆಫ್ ಆದಾಗ ಕಾಯಿಲ್ ಬಲ್ಬ್ ಆರಿದ್ದರೆ ಕರೆಂಟ್ ಕಾಯಿಲ್ ಮುಟ್ಟುವ ಮೊದಲೇ ಕಡಿದಿದೆ. ಪಂಪಿನದು ಮಾತ್ರ ಆರಿದ್ದರೆ ಪಂಪ್ ರಿಲೇ (ಸಣ್ಣ ಕರೆಂಟಿನಿಂದ ಪಂಪಿನ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್), ಅದರ ಫ್ಯೂಸ್, ವೈರಿಂಗ್ ನೋಡಿ. ಆದರೆ ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಇಗ್ನಿಷನ್ ಪಲ್ಸ್ ನಿಂತರೆ ಪಂಪನ್ನೂ ಬೇಕೆಂದೇ ನಿಲ್ಲಿಸುತ್ತಾರೆ. ಹಾಗಾಗಿ ಬಲ್ಬ್ ಮೊದಲು ಆರಿತೋ, ಇಂಜಿನ್ ಮೊದಲು ಸತ್ತಿತೋ ಎನ್ನುವುದೂ ಮುಖ್ಯ. ಎರಡೂ ಉರಿಯುತ್ತಿದ್ದೂ ಗಾಡಿ ಸತ್ತರೆ ಸರಬರಾಜು ಸರಿಯಿದೆ, ದೋಷ ಕಾಯಿಲ್‌ನ ನೆಗೆಟಿವ್ ಕಡೆ: ಪಾಯಿಂಟ್, ಮಾಡ್ಯೂಲ್, ಪಿಕಪ್, ಕ್ರ್ಯಾಂಕ್ ಸೆನ್ಸರ್, ಇಲ್ಲವೇ ಕಾಯಿಲ್ಲೇ. ಬ್ಯಾಲಸ್ಟ್ ರೆಸಿಸ್ಟರ್ ಇದ್ದರೆ ಅದೂ ಇರಬಹುದು.

ಬಲ್ಬನ್ನು ಸೆನ್ಸರ್ ತಂತಿಗೆ, ಇಸಿಯು (ಇಂಜಿನ್ನನ್ನು ನಡೆಸುವ ಕಂಪ್ಯೂಟರ್) ಸಿಗ್ನಲ್ ತಂತಿಗೆ ಸೇರಿಸಬೇಡಿ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳ ತಂಟೆಗಂತೂ ಹೋಗಲೇಬೇಡಿ.

ಜೊತೆಗೊಂದು ನೋಟ್‌ಬುಕ್ ಇರಲಿ. ಎಷ್ಟು ದೂರ ಓಡಿದ ಮೇಲೆ, ಬಿಸಿಲೋ ಮಳೆಯೋ, ಹಳ್ಳ ಹಾರಿದಾಗಲೋ, ತಿರುವಿನಲ್ಲೋ, ಎಷ್ಟು ಹೊತ್ತು ಬಿಟ್ಟ ಮೇಲೆ ಮತ್ತೆ ಸ್ಟಾರ್ಟ್ ಆಯಿತು ಎಂದು ಬರೆಯಿರಿ. ಐದಾರು ಸಲ ಬರೆಯುವಷ್ಟರಲ್ಲಿ ಬಿಸಿ, ಅಲುಗಾಟ, ತೇವ ಈ ಮೂರರಲ್ಲಿ ಯಾವುದು ಕಾರಣ ಎಂದು ತಾನಾಗಿ ಕಾಣುತ್ತದೆ.

ಪರೀಕ್ಷೆ ಎಲ್ಲಿಂದ ಶುರು ಮಾಡಬೇಕು?

ಬ್ಯಾಟರಿ ಮತ್ತು ಅರ್ತ್ (ಕರೆಂಟ್ ಬ್ಯಾಟರಿ ನೆಗೆಟಿವ್‌ಗೆ ವಾಪಸ್ ಹೋಗುವ ದಾರಿ). ಹೇಳಲು ಸಪ್ಪೆ ಅನಿಸಬಹುದು, ಆದರೆ ಹಳೆಯ ಗಾಡಿಯಲ್ಲಿ ಇವೇ ಮೊದಲ ಆರೋಪಿಗಳು.

ಕೆಲವು ಗಂಟೆ ಸುಮ್ಮನೆ ನಿಂತ ಒಳ್ಳೆಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ 13.8ರಿಂದ 14.5ರ ಆಸುಪಾಸು ಇರಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನೋ ಅದರ ಕೇಬಲ್ಲನ್ನೋ ಅನುಮಾನಿಸಿ. ಟರ್ಮಿನಲ್ ಬಿಗಿಯಾಗಿದೆ ಎಂದು ಕಣ್ಣಲ್ಲಿ ನೋಡಿ ನಂಬಬೇಡಿ, ಕೈಯಿಂದ ತಿರುಚಿ ನೋಡಿ. ಸ್ವಲ್ಪ ತಿರುಗಿದರೂ ಅದು ಸಡಿಲವೇ. ಬಿಚ್ಚಿ, ಒಳಗಿನ ಬೂದುಬಣ್ಣದ ಪದರವನ್ನು ಎಮರಿ ಪೇಪರಿನಿಂದ ಉಜ್ಜಿ, ಮತ್ತೆ ಬಿಗಿ ಮಾಡಿ. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್.

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ, ಅಂದರೆ ಬಾಡಿಯಿಂದ ಅದು ಬೇರೆಯಾಗಿದೆ. ಎರಡನ್ನೂ ಜೋಡಿಸುವುದು ಒಂದು ಹೆಣೆದ ತಾಮ್ರದ ಪಟ್ಟಿ. ವರ್ಷಗಟ್ಟಲೆ ಅಲುಗಾಡಿ ಅದರ ಎಳೆಗಳು ಒಂದೊಂದಾಗಿ ತುಂಡಾಗುತ್ತವೆ, ಕಿಲುಬು ಹತ್ತುತ್ತದೆ. ಆಗ ಕರೆಂಟ್ ವಾಪಸ್ ಹೋಗಲು ಸಿಕ್ಕ ಸಿಕ್ಕ ದಾರಿ ಹಿಡಿಯುತ್ತದೆ. ಸೆಲ್ಫ್ ಹೊಡೆದಾಗ ಆಕ್ಸಿಲರೇಟರ್ ಕೇಬಲ್ಲೋ ಚೋಕ್ ಕೇಬಲ್ಲೋ ಬಿಸಿಯಾದರೆ ಬೇರೆ ಪುರಾವೆ ಬೇಡ, ಸ್ಟಾರ್ಟರಿನ ಕರೆಂಟ್ ಅದರ ಮೂಲಕ ಹರಿಯುತ್ತಿದೆ.

ನನ್ನ ಹಳೆಯ ಕಾರೊಂದು ಎಡಕ್ಕೆ ಜೋರಾಗಿ ತಿರುಗಿದಾಗ ಮಾತ್ರ ಆಫ್ ಆಗುತ್ತಿತ್ತು. ಬಲಕ್ಕೆ ತಿರುಗಿದರೆ ಏನಿಲ್ಲ. ಟ್ಯಾಂಕಿನೊಳಗೆ ಪೆಟ್ರೋಲ್ ಒಂದು ಪಕ್ಕಕ್ಕೆ ಸರಿಯುತ್ತದೆ ಎಂದು ಟ್ಯಾಂಕನ್ನೇ ಇಳಿಸಿ ನೋಡಿದ್ದಾಯಿತು. ಕೊನೆಗೆ ಸಿಕ್ಕಿದ್ದು ಇಂಜಿನ್ನಿನ ಅರ್ತ್ ಪಟ್ಟಿ: ಇಂಜಿನ್ ಒಂದು ಕಡೆ ವಾಲಿದಾಗ ಎಳೆದುಕೊಂಡು ಸಂಪರ್ಕ ಬಿಡುತ್ತಿತ್ತು.

ಅರ್ತನ್ನು ಓಮ್ ಮೀಟರಿನಲ್ಲಿ ಅಳೆಯಬೇಡಿ, ಸುಳ್ಳು ಹೇಳುತ್ತದೆ. ಮೀಟರನ್ನು ಡಿಸಿ ವೋಲ್ಟಿಗಿಟ್ಟು ಒಂದು ಮೊನೆ ಬ್ಯಾಟರಿ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಬ್ಲಾಕಿನ ಶುಭ್ರ ಜಾಗಕ್ಕೆ ಹಿಡಿಯಿರಿ. ಇಂಜಿನ್ ಓಡುತ್ತಾ ಹೆಡ್‌ಲೈಟ್, ಬ್ಲೋವರ್ ಹಾಕಿದಾಗ 0.1 ಅಥವಾ 0.2 ವೋಲ್ಟ್ ಒಳಗಿರಬೇಕು. ಸೆಲ್ಫ್ ಹೊಡೆಯುವಾಗ ಸ್ವಲ್ಪ ಜಾಸ್ತಿಯಾದೀತು; 0.5 ದಾಟಿದರೆ ಆ ದಾರಿಯಲ್ಲಿ ತಡೆ ಇದೆ. ಡಿಸ್ಟ್ರಿಬ್ಯೂಟರಿನ ಬಾಡಿಗೂ, ಇಸಿಯು ಅರ್ತ್ ಬೋಲ್ಟಿಗೂ ಇದೇ ಪರೀಕ್ಷೆ.

ವೈರಿನಲ್ಲಿ ಮೀಟರ್ 12 ವೋಲ್ಟ್ ತೋರಿಸುತ್ತದೆ. ಆದರೂ ಆ ವೈರೇ ಕೆಟ್ಟಿರಬಹುದೇ?

ಖಂಡಿತ. ಒಂದು ವೈರಿನ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ತುಂಡಾಗಿದ್ದರೂ ಮೀಟರಿಗೆ ಉಳಿದ ಒಂದು ಎಳೆ ಸಾಕು, ಏಕೆಂದರೆ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ ಎನ್ನಬಹುದು. ಪಂಪ್ ಎಳೆಯಲು ಹೊರಟಾಗ ಆ ಎಳೆ ಬಿಸಿಯಾಗಿ ವೋಲ್ಟೇಜ್ ಕುಸಿಯುತ್ತದೆ. ಪಂಪ್, ಕಾಯಿಲ್‌ಗಳ ಸರಬರಾಜು ತಂತಿಯ ಕೊನೆಯಲ್ಲಿ (ಬ್ಯಾಲಸ್ಟ್ ರೆಸಿಸ್ಟರ್ ಇದ್ದರೆ ಅದರ ಸ್ವಿಚ್ ಕಡೆಯ ಬದಿಯಲ್ಲಿ) ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ಹೊತ್ತಿಸಿ ನೋಡಿ. ಬೆಳ್ಳಗೆ ಉರಿದರೆ ವೈರ್ ಸರಿ, ಕೆಂಪಗೆ ಮಿಣುಕಿದರೆ ಮೀಟರ್ ಏನೇ ಹೇಳಲಿ ವೈರ್ ಕೆಟ್ಟಿದೆ.

ಕೀ ಅಲುಗಾಡಿಸಿದರೆ ಆಫ್ ಆಗುತ್ತದೆ. ಇದು ದೊಡ್ಡ ವಿಷಯವೇ?

ದೊಡ್ಡದೇ. ಇಗ್ನಿಷನ್ ಸ್ವಿಚ್ಚಿನ ಒಳಗಿನ ತಾಮ್ರದ ಪಟ್ಟಿಗಳು ಸವೆದು, ಸುಟ್ಟು, ಒಂದು ಹಳ್ಳ ಹಾರಿದರೂ ಸಂಪರ್ಕ ತಪ್ಪುತ್ತವೆ. ಅದಕ್ಕೆ ತಕ್ಕಂತೆ ಮನೆ, ಅಂಗಡಿ, ಬೀರು ಎಲ್ಲದರ ಬೀಗದ ಕೈಗಳೂ ಅದೇ ಗೊಂಚಲಿನಲ್ಲಿ ನೇತಾಡುತ್ತಿದ್ದರೆ ಮೂಗಿಗಿಂತ ಮೂಗುತಿ ಭಾರ. 2014ರಲ್ಲಿ ಜನರಲ್ ಮೋಟಾರ್ಸ್ ಇಗ್ನಿಷನ್ ಸ್ವಿಚ್ ಒಂದರ ಸಲುವಾಗಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಸ್ವಿಚ್ಚಿನ ಹಿಡಿತ ಸಡಿಲವಾಗಿ, ಕೀಗೊಂಚಲಿನ ಭಾರಕ್ಕೋ ರಸ್ತೆಯ ಕುಲುಕಿಗೋ ಅದು ತಾನೇ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ನಿಲ್ಲುವುದರ ಜೊತೆಗೆ ಏರ್‌ಬ್ಯಾಗ್ ಕೂಡ ಕೆಲಸ ಮಾಡುತ್ತಿರಲಿಲ್ಲ.

ಪರೀಕ್ಷೆ ಸುಲಭ. ಗಾಡಿ ನಿಲ್ಲಿಸಿ, ಇಂಜಿನ್ ಸ್ಲೋದಲ್ಲಿ ಓಡುತ್ತಿರುವಾಗ ಕೀಯನ್ನು ಮೆಲ್ಲಗೆ ಆಚೆ ಈಚೆ ಆಡಿಸಿ. ಆಮೇಲೆ ಸ್ಟೀರಿಂಗ್ ಕೆಳಗೆ ಸ್ವಿಚ್ಚಿನ ಹಿಂದಿನ ಕನೆಕ್ಟರ್ ಅಲುಗಾಡಿಸಿ. ಆ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗಿದ್ದರೆ, ಕರಗಿದ್ದರೆ, ಸ್ವಿಚ್ಚಿನ ಜೊತೆ ಕನೆಕ್ಟರನ್ನೂ ಬದಲಿಸಿ.

ಸೆಲ್ಫ್ ಹೊಡೆದಾಗ ಸ್ಟಾರ್ಟ್ ಆಗುತ್ತದೆ, ಕೀ ಬಿಟ್ಟ ತಕ್ಷಣ ಸಾಯುತ್ತದೆ. ಏಕೆ?

ಬ್ಯಾಲಸ್ಟ್ ರೆಸಿಸ್ಟರ್. ಪಾಯಿಂಟ್ ಕಾಲದ ಅನೇಕ ಗಾಡಿಗಳಲ್ಲಿ ಸುಮಾರು 1.5 ಓಮ್ ಕಾಯಿಲ್‌ಗೆ ಹೆಚ್ಚುಕಡಿಮೆ ಅಷ್ಟೇ ಓಮಿನ ರೆಸಿಸ್ಟರ್ ಸರಣಿಯಲ್ಲಿರುತ್ತದೆ. ಸೆಲ್ಫ್ ಹೊಡೆಯುವಾಗ ಕರೆಂಟ್ ಅದನ್ನು ದಾಟಿ ನೇರ ಕಾಯಿಲ್‌ಗೆ ಹೋಗುತ್ತದೆ, ಕೀ ಬಿಟ್ಟಾಗ ಅದರ ಮೂಲಕ. ರೆಸಿಸ್ಟರ್ ತುಂಡಾಗಿದ್ದರೆ ಕೀ ಬಿಟ್ಟೊಡನೆ ಕರೆಂಟ್ ಇಲ್ಲ. ಇಗ್ನಿಷನ್ ಸ್ವಿಚ್ಚಿನ "ರನ್" ಪಟ್ಟಿ ಸವೆದಿದ್ದರೂ ಲಕ್ಷಣ ಇದೇ. ರೆಸಿಸ್ಟರನ್ನು ತಂತಿಯಿಂದ ದಾಟಿಸಿ ಹಾಗೇ ಓಡಿಸುವವರಿದ್ದಾರೆ. ಕಾಯಿಲ್, ಪಾಯಿಂಟ್ ಎರಡೂ ಬೇಗ ಸುಡುತ್ತವೆ.

ಬಿಸಿಯಾದ ಮೇಲೆ ಮಾತ್ರ ಆಫ್ ಆಗುತ್ತದೆ, ತಣ್ಣಗಾದರೆ ಸರಿಹೋಗುತ್ತದೆ. ಯಾವುದನ್ನು ಅನುಮಾನಿಸಲಿ?

ಇದೇ ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ. ಬಿಸಿಗೆ ಲೋಹ ಹಿಗ್ಗುತ್ತದೆ. ಒಳಗೆಲ್ಲೋ ಕೂದಲಷ್ಟು ಸೀಳಿದ ತಂತಿ, ಬಿರುಕು ಬಿಟ್ಟ ಬೆಸುಗೆ ಆಗ ಬಾಯಿ ಬಿಡುತ್ತದೆ, ತಣ್ಣಗಾದಾಗ ಕೂಡಿಕೊಳ್ಳುತ್ತದೆ.

ಇಗ್ನಿಷನ್ ಮಾಡ್ಯೂಲ್ ಮೊದಲ ಹೆಸರು. ಡಿಸ್ಟ್ರಿಬ್ಯೂಟರಿಗೇ ಅಂಟಿಕೊಂಡಿರುವ ಮಾಡ್ಯೂಲ್ ಇಂಜಿನ್ನಿನ ಬಿಸಿಯನ್ನೂ ತನ್ನ ಬಿಸಿಯನ್ನೂ ಎರಡನ್ನೂ ತಿನ್ನುತ್ತದೆ. ಅದರ ಕೆಳಗೆ ಬಿಸಿ ಸಾಗಿಸುವ ಪೇಸ್ಟ್ ಇರಬೇಕು. ಹಿಂದೆ ಯಾರೋ ಮಾಡ್ಯೂಲ್ ಬದಲಿಸಿದಾಗ ಪೇಸ್ಟ್ ಹಚ್ಚದೆ ಕೂರಿಸಿದ್ದರೆ ಹೊಸದೂ ಹೆಚ್ಚು ದಿನ ಬಾಳುವುದಿಲ್ಲ.

ಎರಡನೆಯದು ಕ್ರ್ಯಾಂಕ್ ಸೆನ್ಸರ್. ಸುರುಳಿ ಇರುವ ಬಗೆಯದಾದರೆ ತಣ್ಣಗಿದ್ದಾಗ ಒಮ್ಮೆ, ಆಫ್ ಆದ ತಕ್ಷಣ ಬಿಸಿಯಲ್ಲೇ ಇನ್ನೊಮ್ಮೆ ಓಮ್ ಅಳೆಯಿರಿ. ಸಾಮಾನ್ಯವಾಗಿ ಕೆಲವು ನೂರು ಓಮಿನಿಂದ ಸಾವಿರದ ಆಸುಪಾಸು ಇರುತ್ತದೆ, ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್ ಸರಿಯಾದ ಲೆಕ್ಕ ಕೊಡುತ್ತದೆ. ಬಿಸಿಯಲ್ಲಿ ಮೀಟರ್ ಅನಂತ ತೋರಿಸಿದರೆ ಕಳ್ಳ ಸಿಕ್ಕ. ಹಾಲ್ ಬಗೆಯ, ಅಂದರೆ ಸುರುಳಿಯ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ ಸೆನ್ಸರಿಗೆ ಓಮ್ ಪರೀಕ್ಷೆ ಸಲ್ಲದು.

ಮೂರನೆಯದು ಕಾಯಿಲ್. ಡಬ್ಬಿಯಾಕಾರದ ಹಳೆಯ ಕಾಯಿಲ್ ಓಡುವಾಗ ಬಿಸಿಯಾಗುವುದು ಸಹಜ, ಬಿಸಿ ಅಂದ ಮಾತ್ರಕ್ಕೆ ಎಸೆಯಬೇಡಿ. ಎಣ್ಣೆ ಸೋರಿದ್ದರೆ ಮಾತ್ರ ಎರಡನೇ ಯೋಚನೆ ಬೇಡ.

ದೋಷವನ್ನು ಕರೆಯಲೂಬಹುದು. ಇಂಜಿನ್ ಓಡುತ್ತಿರುವಾಗ ಹೇರ್ ಡ್ರೈಯರ್‌ನಿಂದ ಒಂದೊಂದೇ ಭಾಗವನ್ನು ಬಿಸಿ ಮಾಡಿ. ಆಫ್ ಆದರೆ, ಎಲೆಕ್ಟ್ರಾನಿಕ್ಸ್ ಕೆಲಸಕ್ಕೆ ಬಳಸುವ ಫ್ರೀಜ್ ಸ್ಪ್ರೇಯನ್ನು ಆ ಭಾಗಕ್ಕಷ್ಟೇ ಹೊಡೆದು ಸ್ಟಾರ್ಟ್ ಮಾಡಿ. ಕೂಡಲೇ ಎದ್ದರೆ ಅದೇ. ಎರಡು ಭಾಗಗಳನ್ನು ಒಂದೇ ಸಲ ತಣ್ಣಗೆ ಮಾಡಿಬಿಟ್ಟರೆ ಪರೀಕ್ಷೆ ಹಾಳು, ಮತ್ತೆ ಮೊದಲಿನಿಂದ.

ಪಾಯಿಂಟ್ ಗಾಡಿ. ಆಕ್ಸಿಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ ಮಾತ್ರ ಕತ್ತರಿಸಿದ ಹಾಗೆ ಆಗುತ್ತದೆ. ಕಾರ್ಬ್ಯುರೇಟರೇ?

ಕಾರ್ಬ್ಯುರೇಟರ್ ಬಿಚ್ಚುವ ಮೊದಲು ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆಯಿರಿ. ಒಳಗಿನ ತಟ್ಟೆಯನ್ನು ವ್ಯಾಕ್ಯೂಮ್ ಅಡ್ವಾನ್ಸ್ (ಇಂಜಿನ್ನಿನ ನಿರ್ವಾತದಿಂದ ಕಿಡಿಯ ಸಮಯ ಹೊಂದಿಸುವ ಭಾಗ) ಸದಾ ಅತ್ತಿತ್ತ ತಿರುಗಿಸುತ್ತಿರುತ್ತದೆ. ಪಾಯಿಂಟಿನ ತಂತಿ, ತಟ್ಟೆಯ ಪುಟ್ಟ ಅರ್ತ್ ತಂತಿ ಎರಡೂ ಅದರ ಜೊತೆ ಬಾಗುತ್ತಾ ಬಾಗುತ್ತಾ ಕವಚದ ಒಳಗೇ ತುಂಡಾಗುತ್ತವೆ. ಹೊರಗೆ ನೋಡಿದರೆ ಹೊಸದರಂತಿರುತ್ತವೆ. ತಂತಿಯನ್ನು ಮೆಲ್ಲಗೆ ಎಳೆಯಿರಿ. ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರ ಇಲ್ಲ. ಬದಲಿಸುವಾಗ ಗಟ್ಟಿ ತಂತಿ ಹಾಕಬೇಡಿ, ತೆಳು ಎಳೆಗಳ ಮೆತ್ತನೆಯ ತಂತಿಯೇ ಬೇಕು. ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರಿನ ಪಿಕಪ್ ತಂತಿಗಳಿಗೂ ಇದೇ ಗತಿ. ಡಿಸ್ಟ್ರಿಬ್ಯೂಟರ್ ಒಳಗಿನ ದೋಷಗಳಲ್ಲಿ ನನಗೆ ಇದು ಅಚ್ಚುಮೆಚ್ಚು, ಏಕೆಂದರೆ ಇದಕ್ಕಾಗಿ ಎಷ್ಟೋ ನಿರಪರಾಧಿ ಕಾರ್ಬ್ಯುರೇಟರುಗಳು ಶಿಕ್ಷೆ ಅನುಭವಿಸಿವೆ.

ಫ್ಯೂಯಲ್ ಪಂಪ್ ರಿಲೇ ಕೆಟ್ಟಿದೆಯೇ ಎಂದು ಹೇಗೆ ನೋಡುವುದು?

ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಸ್ಟಾರ್ಟ್ ಆಗದು, ಕಿಟಕಿ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ ಆಗುತ್ತದೆ ಎಂದರೆ ಡ್ಯಾಶ್ ಕೆಳಗಿನ ರಿಲೇಯ ಬೆಸುಗೆ ಒಡೆದಿರುವ ಸಾಧ್ಯತೆ ದೊಡ್ಡದು. ಮುಚ್ಚಳ ಬಿಚ್ಚಿ ಭೂತಗನ್ನಡಿಯಲ್ಲಿ ನೋಡಿದರೆ ಕಾಲುಗಳ ಸುತ್ತ ಉಂಗುರದಂತೆ ಸಣ್ಣ ಕಪ್ಪು ಬಿರುಕು ಕಾಣುತ್ತದೆ. ಮರುಬೆಸುಗೆ ಹಾಕಿದರೆ ಹೊಸದರಂತೆ ಕೆಲಸ ಮಾಡುವುದುಂಟು.

ಸಾಮಾನ್ಯ ರಿಲೇಗಳಲ್ಲಿ 30 ಎಂಬ ಕಾಲಿಗೆ ಬ್ಯಾಟರಿ ಕರೆಂಟ್ ಬರುತ್ತದೆ, 87ರಿಂದ ಪಂಪಿಗೆ ಹೋಗುತ್ತದೆ. ಸಾಕೆಟ್ಟಿನಲ್ಲಿ ಈ ಎರಡನ್ನು ಫ್ಯೂಸ್ ಇರುವ ತಂತಿಯಿಂದ ಜೋಡಿಸಿದಾಗ ಪಂಪ್ ಓಡಿ ಗಾಡಿ ಎದ್ದರೆ ರಿಲೇ ಅಥವಾ ಅದಕ್ಕೆ ಆಜ್ಞೆ ಕೊಡುವ ಕಡೆ ದೋಷ. ಓಡದಿದ್ದರೆ ವೈರಿಂಗ್, ಪಂಪಿನ ಅರ್ತ್ ಇಲ್ಲವೇ ಪಂಪ್. ಟ್ಯಾಂಕಿನ ತಳಕ್ಕೆ ಕೈಯಿಂದ ತಟ್ಟಿದಾಗ ಪಂಪ್ ಗುಂಯ್ ಎಂದರೆ ಅದರ ಬ್ರಷ್ ಸವೆದಿವೆ. ಈ ಜೋಡಣೆ ಪರೀಕ್ಷೆಗೆ ಮಾತ್ರ. ಅಪಘಾತವಾದಾಗ ಪಂಪ್ ನಿಲ್ಲಿಸುವ ವ್ಯವಸ್ಥೆಯನ್ನೇ ಅದು ಕುರುಡು ಮಾಡುತ್ತದೆ. ಕೆಲವು ಗಾಡಿಗಳಲ್ಲಿ ಡಿಕ್ಕಿಯಾದಾಗ ಪಂಪ್ ನಿಲ್ಲಿಸುವ ಇನರ್ಷಿಯಾ ಸ್ವಿಚ್ ಬೇರೆ ಇರುತ್ತದೆ. ಹಳತಾದ ಮೇಲೆ ಅದು ಹಳ್ಳ ಹಾರಿದ್ದನ್ನೂ ಡಿಕ್ಕಿಯೆಂದು ತಿಳಿದು ಪಂಪ್ ನಿಲ್ಲಿಸುವುದುಂಟು.

ಮಳೆ ಬಂದಾಗ ಮಾತ್ರ ತೊಂದರೆ?

ಕತ್ತಲಲ್ಲಿ ಬಾನೆಟ್ ತೆರೆದು, ಇಂಜಿನ್ ಓಡುತ್ತಿರುವಾಗ ಪ್ಲಗ್ ವೈರು, ಡಿಸ್ಟ್ರಿಬ್ಯೂಟರ್ ಮುಚ್ಚಳ, ಕಾಯಿಲ್ ಮೇಲೆ ನೀರನ್ನು ಮಂಜಿನಂತೆ ಸಿಂಪಡಿಸಿ. ನೀಲಿ ಕಿಡಿಗಳು ತಾವೇ ಕುಣಿದು ಜಾಗ ತೋರಿಸುತ್ತವೆ. ಕೈ ದೂರ ಇರಲಿ. ಮುಚ್ಚಳದ ಒಳಗೆ ಪೆನ್ಸಿಲ್ ಗೆರೆಯಂಥ ಇಂಗಾಲದ ಹಾದಿ ಕಂಡರೆ ಒರೆಸಿ ಪ್ರಯೋಜನವಿಲ್ಲ, ಬದಲಿಸಿ.

ಸಿಗ್ನಲ್‌ನಲ್ಲಿ ನಿಂತಾಗ, ಸ್ಲೋದಲ್ಲಿ ಮಾತ್ರ ಆಫ್ ಆದರೆ?

ಕಾರ್ಬ್ಯುರೇಟರಿನಲ್ಲಿ ಐಡಲ್ ಸೋಲೆನಾಯ್ಡ್ (ಕರೆಂಟಿನಿಂದ ತೆರೆಯುವ ಪುಟ್ಟ ವಾಲ್ವ್) ಇದೆಯೇ ನೋಡಿ. ಒಂದೇ ತಂತಿ ಬರುವ ಹಿತ್ತಾಳೆ ಬಣ್ಣದ ಪುಟ್ಟ ಸಿಲಿಂಡರ್ ಅದು. ಕೀ ಆನ್ ಮಾಡಿ ತಂತಿ ಕಿತ್ತು ಮತ್ತೆ ತಾಗಿಸಿದರೆ ಟಿಕ್ ಎನ್ನಬೇಕು. ಕರೆಂಟ್ ಹೋದರೆ ಸ್ಲೋ ಜೆಟ್ ಮುಚ್ಚಿಹೋಗುತ್ತದೆ, ಆಕ್ಸಿಲರೇಟರ್ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಗಾಡಿ ಬದುಕಿರುತ್ತದೆ.

ನನ್ನದು ಡೀಸೆಲ್. ಅದರಲ್ಲಿ ಕಿಡಿಯೇ ಇಲ್ಲವಲ್ಲ?

ಕಿಡಿ ಇಲ್ಲ, ಆದರೆ ಮೆಕ್ಯಾನಿಕಲ್ ಪಂಪಿನ ಹೆಚ್ಚಿನ ಹಳೆಯ ಡೀಸೆಲ್ ಕಾರುಗಳಲ್ಲಿ ಪಂಪಿನ ಮೇಲೊಂದು ಸ್ಟಾಪ್ ಸೋಲೆನಾಯ್ಡ್ ಇದೆ. ಅದಕ್ಕೆ 12 ವೋಲ್ಟ್ ಇರುವವರೆಗೆ ಮಾತ್ರ ಡೀಸೆಲ್ ಹರಿಯುತ್ತದೆ. ಅದರ ತಂತಿಯ ನಟ್ ಸಡಿಲವಾದರೆ ಪೆಟ್ರೋಲ್ ಗಾಡಿಯಷ್ಟೇ ಠಕ್ಕನೆ ನಿಲ್ಲುತ್ತದೆ.

ಹಿಂದಿನ ಮಾಲೀಕರು ಅಲಾರಂ ಹಾಕಿಸಿದ್ದರು. ಅದಕ್ಕೂ ಇದಕ್ಕೂ ಸಂಬಂಧ ಇದೆಯೇ?

ಎಷ್ಟೋ ಸಲ ಅದೇ ಕಾರಣ. ಕಳ್ಳ ಸ್ಟಾರ್ಟ್ ಮಾಡಬಾರದೆಂದು ಇಗ್ನಿಷನ್ ವೈರನ್ನೋ ಪಂಪ್ ವೈರನ್ನೋ ಕತ್ತರಿಸಿ ನಡುವೆ ರಿಲೇ ಕೂರಿಸಿರುತ್ತಾರೆ. ಜೋಡಣೆ ಎಂದರೆ ತಂತಿ ಹೊಸೆದು ಟೇಪ್ ಸುತ್ತಿದ್ದು. ಟೇಪಿನ ಅಂಟು ಕರಗಿ, ಹೊಸೆದದ್ದು ಸಡಿಲವಾಗಿ, ಕೊನೆಗೆ ಕಳ್ಳನ ಬದಲು ಮಾಲೀಕನೇ ರಸ್ತೆಯಲ್ಲಿ ನಿಲ್ಲುತ್ತಾನೆ. ಡ್ಯಾಶ್ ಕೆಳಗೆ ಕಂಪನಿಯ ವೈರಿಂಗಿಗೆ ಹೊಂದದ ಬಣ್ಣದ ತಂತಿ ಕಂಡರೆ ಅಲ್ಲಿಂದಲೇ ಶುರು ಮಾಡಿ.

ಸ್ಕ್ಯಾನರ್ ಹಾಕಿದರೆ ತಿಳಿಯುವುದಿಲ್ಲವೇ?

ಸ್ಕ್ಯಾನರ್ ಸಾಕೆಟ್ ಇದ್ದರೆ ಹಾಕಿ ನೋಡಿ. ಅಮೆರಿಕದಲ್ಲಿ ಓಬಿಡಿ-2 (ಎಲ್ಲ ಕಂಪನಿಗೂ ಒಂದೇ ಬಗೆಯ ಸ್ಕ್ಯಾನರ್ ವ್ಯವಸ್ಥೆ) ಕಡ್ಡಾಯವಾದದ್ದೇ 1996ರ ಮಾಡೆಲ್ ಕಾರುಗಳಿಂದ. ಅದಕ್ಕಿಂತ ಹಳೆಯ ಎಷ್ಟೋ ಗಾಡಿಗಳು ದೀಪ ಮಿಟುಕಿಸಿ ಕೋಡ್ ಹೇಳುತ್ತವೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್ ಎಂದರ್ಥ, ಸೆನ್ಸರ್ರೇ ಕೆಟ್ಟಿದೆ ಎಂದಲ್ಲ. ಅದರ ತಂತಿಯೂ ಇರಬಹುದು. ಕೋಡ್ ಇಲ್ಲದಿದ್ದರೆ ಸೆನ್ಸರ್ ನಿರ್ದೋಷಿ ಎಂದೂ ಅಲ್ಲ. ಸಿಗ್ನಲ್ ಪೂರ್ತಿ ನಿಂತಾಗ ಇಂಜಿನ್ನನ್ನೇ ನಿಲ್ಲಿಸಿದ್ದಾರೆ ಎಂದು ಇಸಿಯು ತಿಳಿದುಕೊಂಡು ಸುಮ್ಮನಿರುವುದುಂಟು.

ಒಂದೊಂದೇ ಪಾರ್ಟ್ ಬದಲಿಸುತ್ತಾ ಹೋದರೆ ಎಂದಾದರೂ ಸರಿಹೋಗುತ್ತದಲ್ಲ?

ಕತ್ತಲಲ್ಲಿ ಕಲ್ಲೆಸೆದರೂ ಒಂದು ಹಣ್ಣು ಬಿದ್ದೀತು. ಆದರೆ ಪಾರ್ಟ್ ಬದಲಿಸುವಾಗ ಕನೆಕ್ಟರ್ ಬಿಚ್ಚಿ ಹಾಕುತ್ತೀರಿ, ಆ ಉಜ್ಜಾಟಕ್ಕೇ ಕಿಲುಬು ಕಳಚಿ ಕೆಲವು ವಾರ ಗಾಡಿ ಸರಿಯಿರುತ್ತದೆ. ಹೊಸ ಪಾರ್ಟಿಗೆ ಹೆಸರು ಬರುತ್ತದೆ, ಆಮೇಲೆ ಮತ್ತೆ ರಸ್ತೆಯಲ್ಲಿ ನಿಲ್ಲುತ್ತೀರಿ. ಯಾವುದೇ ಪಾರ್ಟ್ ತೆಗೆಯುವ ಮೊದಲು ಅದರ ಕನೆಕ್ಟರನ್ನಷ್ಟೇ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಸಡಿಲವಾದ ಪಿನ್ ಬಿಗಿ ಮಾಡಿ, ಹಳೆಯ ಪಾರ್ಟಿನಲ್ಲೇ ಓಡಿಸಿ ನೋಡಿ.

ಸರಿಹೋಯಿತು ಎಂದು ಯಾವಾಗ ನಂಬಲಿ?

ನೋಟ್‌ಬುಕ್ ತೆಗೆಯಿರಿ. ಎರಡು ಸಲ ಆಫ್ ಆದದ್ದರ ನಡುವಿನ ಅತಿ ಉದ್ದದ ಅಂತರ ಎಷ್ಟಿತ್ತು? ಹನ್ನೆರಡು ದಿನವೆಂದರೆ ಕನಿಷ್ಠ ಅದರ ಎರಡು ಪಟ್ಟು, ಇಪ್ಪತ್ನಾಲ್ಕು ದಿನ, ಅದೇ ಬಿಸಿಲು ಅದೇ ರಸ್ತೆಯಲ್ಲಿ ಓಡಿಸಿ. ಅಲ್ಲಿಯವರೆಗೆ ಬಲ್ಬುಗಳನ್ನು ಕೀಳಬೇಡಿ.